ಡೆನ್ಮಾರ್ಕಿಗೆ ಒಯ್ದ ಪೇಢಾ

ಪರದೇಶಕ್ಕೆ ಹೋಗಿ ಬಂದವನನ್ನು ನಮ್ಮ ಹುಮನಾಬಾದಿನಲ್ಲಿ ಮೂರು ಪ್ರಶ್ನೆ ಕೇಳುತ್ತಾರೆ. ಅಲ್ಲಿ ಏನು ಉಂಡಿರಿ, ಥಂಡಿ ಎಷ್ಟಿತ್ತು, ನಮಗೇನು ತಂದಿರಿ. ಬಸ್ ಸ್ಟ್ಯಾಂಡಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಸತ್ತವರ ಮನೆಗೆ ಮಾತಾಡಿಸಲು ಹೋದಲ್ಲಿ ಕೂಡ ಈ ಮೂರಕ್ಕೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಬತ್ತಿದೆ. ಅದಕ್ಕೇ ಬರೆಯಲು ಕೂತಿದ್ದೇನೆ. ಉಂಡದ್ದು ಕರೀ ಬ್ರೆಡ್ಡು. ಥಂಡಿ ಮೊಣಕಾಲಿನ ಚಿಪ್ಪಿನೊಳಗೆ ಹೊಕ್ಕು ಕೂರುವಷ್ಟು. ತಂದದ್ದು ಎರಡು ಖಾಲಿ ಡಬ್ಬಿ. ಏನು ಒಯ್ದಿದ್ದಿರಿ ಎಂದು ಮಾತ್ರ ಯಾರೂ ಕೇಳಲಿಲ್ಲ, ನಾನು ಹೇಳಬೇಕಾದದ್ದು ಅದನ್ನೇ.

ಹುಮನಾಬಾದ, ಹೊರಡುವ ಮುಂಚೆ

ನಾನು ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಮನೆ ಹುಮನಾಬಾದಿನಲ್ಲಿ. ಇಪ್ಪತ್ತು ವರ್ಷ ದಿನಾ ಬೆಳಗ್ಗೆ ಬಸ್ಸು ಹಿಡಿದು ಕಲ್ಯಾಣಕ್ಕೆ ಹೋಗಿ, ಮೋರಖಂಡಿ, ನಾರಾಯಣಪುರದಿಂದ ನಡೆದು ಬಂದ ಮಕ್ಕಳನ್ನು ಮತ್ತೆ ಮೈದಾನದ ಸುತ್ತ ಓಡಿಸಿದ್ದೇನೆ. ಅಷ್ಟು ದೂರ ನಡೆದು ಬಂದವರಿಗೆ ಇನ್ನೂ ವ್ಯಾಯಾಮ ಯಾಕೆ ಎಂದು ನಾನೂ ಯೋಚಿಸಲಿಲ್ಲ, ಅವರೂ ಕೇಳಲಿಲ್ಲ. ಸೀಟಿ ಊದುವುದು ನನ್ನ ಕೆಲಸ, ಓಡುವುದು ಅವರ ಕೆಲಸ.

ನನ್ನ ಮಗಳು ಸುಮಿತ್ರಾ ಮಾತ್ರ ಒಂದು ದಿನವೂ ಓಡಲಿಲ್ಲ. ಸುಮಿಗೆ ಆಗ ಹದಿನೆಂಟು. ಹುಟ್ಟಿದಾಗಲೇ ಕಣ್ಣು ತುಸು ಓರೆ, ನಾಲಗೆ ದಪ್ಪ, ಬೆರಳು ಗಿಡ್ಡ. ಮಾತು ಬಂದದ್ದು ಏಳನೇ ವರ್ಷಕ್ಕೆ, ಅದೂ ಹತ್ತಿಪ್ಪತ್ತು ಶಬ್ದ. ಆ ಕಾಲದ ಸರಕಾರಿ ಕಾಗದದಲ್ಲಿ ಇಂಥವರನ್ನು ಬುದ್ಧಿಮಾಂದ್ಯರು ಎಂದು ಬರೆಯುತ್ತಿದ್ದರು. ನಮ್ಮ ಕಡೆ ಜನ ಭೋಳೇ ಕೂಸು ಎನ್ನುತ್ತಾರೆ, ಕಪಟ ತಿಳಿಯದ ಕೂಸು ಎಂದು ಅರ್ಥ. ಜನರ ಮಾತೇ ನನಗೆ ಹೆಚ್ಚು ಹಿಡಿಸುತ್ತಿತ್ತು.

ನನ್ನ ಹೆಂಡತಿ ಶಾರದಾ ಹುಮನಾಬಾದಿನ ಪಕ್ಕದ ಯಾತ್ರಾಸ್ಥಳ ಮಾಣಿಕನಗರದಲ್ಲಿ ತೆಂಗಿನಕಾಯಿ, ಕರ್ಪೂರ, ಊದಿನಕಡ್ಡಿಯ ಸಣ್ಣ ಅಂಗಡಿ ನಡೆಸುತ್ತಾಳೆ. ಬೆಳಗ್ಗೆ ತಾಯಿ ಮಗಳು ಟಾಂಗಾದಲ್ಲಿ ಹೋಗುವರು, ಸಂಜೆ ಟಾಂಗಾದಲ್ಲಿ ಬರುವರು. ನಡುವೆ ಸುಮಿ ಅಂಗಡಿಯ ಮುಂದಿನ ಹಲಗೆಯ ಮೇಲೆ ಕೂತಿರುತ್ತಿದ್ದಳು. ದರ್ಶನ ಮುಗಿಸಿ ಬಂದವರು ಅವಳ ಬಾಯಿಗೆ ಒಂದು ಪೇಢಾ ಇಟ್ಟು, ಅವಳ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹೋಗುತ್ತಿದ್ದರು. ಈ ರೂಢಿ ಶುರು ಮಾಡಿದವಳು ಬೀದಿಯ ಆ ತುದಿಯಲ್ಲಿ ಹೂ ಮಾರುವ ಕಾಶಿಬಾಯಿ. ಬೀದಿಗೆಲ್ಲ ಅವಳು ಮಾವಶಿ, ಅಂದರೆ ಚಿಕ್ಕಮ್ಮ. ಸುಮಿ ತೊಡೆಯ ಮೇಲಿದ್ದಾಗಿನಿಂದ ದಿನಾ ಮುಂಜಾನೆ ಬಂದು, ಮೊದಲು ತಾನು "ಆ..." ಎಂದು ಬಾಯಿ ತೆರೆದು, ಸುಮಿಯ ಬಾಯಿ ತೆರೆಸಿ, ಪೇಢಾ ಹಾಕುವಳು.

"ಸುಳ್ಳು ಆಡದ ಬಾಯಿ ಅದ ಇದು, ಮಾಸ್ತರ. ಇದಕ್ಕ ಹಾಕಿದ್ದು ಸೀದಾ ದೇವರಿಗಿ ಮುಟ್ತದ" ಎನ್ನುತ್ತಿದ್ದಳು.

ಮಗಳನ್ನು ಕಂಡು ಮುಖ ತಿರುಗಿಸುವ ಊರುಗಳ ಕಥೆ ಕೇಳಿದ್ದ ನನಗೆ, ಅವಳ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುವ ಊರು ಸ್ವರ್ಗವೇ ಅನಿಸಿತ್ತು. ಹೀಗೆ ಹದಿನೆಂಟು ವರ್ಷ ನಡೆಯಿತು. ಸುಮಿ ಅಡ್ಡಡ್ಡ ಬೆಳೆದಳು. ಟಾಂಗಾ ಹತ್ತಲು ಇಬ್ಬರು ಬೇಕಾದರು. ತುಟಿ ನೀಲಿಯಾಗತೊಡಗಿತು. ಕಲ್ಯಾಣದ ಡಾಕ್ಟರರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು.

"ಮಾಸ್ತರ, ಇಂಥವರಿಗಿ ಹುಟ್ಟಿದಾಗಿಂದೇ ಎದಿ ಸೋತಿರ್ತದ. ಅದರ ಮ್ಯಾಲ ನೀವು ಇಷ್ಟು ವಜ್ಜಿ ಹೊರಿಸೀರಿ. ದಿನಾ ಥೋಡೆ ಥೋಡೆ ನಡಸ್ರಿ. ಇಲ್ಲಾಂದ್ರ ಕೂತಲ್ಲೇ ಹೋಗ್ತಾಳ. ಊರ ಮಕ್ಕಳಿಗಿ ಕವಾಯತ್ ಕಲಸ್ತೀರಿ, ನಿಮ್ಮ ಮಗಳಿಗಿ ಯಾರು ಕಲಸಬೇಕ್ರಿ?"

ನಾನು ತಲೆ ತಗ್ಗಿಸಿಕೊಂಡು ಹೊರಗೆ ಬಂದೆ. ದೀಪದ ಬುಡದಲ್ಲಿ ಕತ್ತಲೆ ಎಂದು ಮಕ್ಕಳಿಗೆ ಹೇಳಿದವನು ನಾನೇ. ಮಾರನೆಯ ದಿನ ಸುಮಿಯನ್ನು ಎಬ್ಬಿಸಿ ನಡೆಸಲು ನೋಡಿದೆ. ನಾಲ್ಕು ಹೆಜ್ಜೆಗೆ ಕೂತಳು. ಗದರಿದೆ, ಅತ್ತಳು. ಮಗಳನ್ನು ಅಳಿಸಿದ ಸಂಕಟಕ್ಕೆ ನಾನೇ ಒಂದು ಪೇಢಾ ಕೊಟ್ಟೆ.

ಅದೇ ವರ್ಷ ಶಾಲೆಗೆ ಒಂದು ಕಾಗದ ಬಂತು. ಡೆನ್ಮಾರ್ಕ್ ಎಂಬ ದೇಶದ ಒಂದು ಸಂಸ್ಥೆ, ಬುದ್ಧಿ ಬೆಳವಣಿಗೆ ನಿಧಾನವಾದ ಹುಡುಗ ಹುಡುಗಿಯರಿಗೆ ವ್ಯಾಯಾಮ ಹೇಳಿಕೊಡುವ ಬಗೆ ಕಲಿಯಲು ಬೇರೆ ದೇಶಗಳ ಮಾಸ್ತರರನ್ನು ಆರು ವಾರಕ್ಕೆ ಕರೆಯುತ್ತಿತ್ತು. ಅರ್ಜಿಯಲ್ಲಿ, ಇಂಥವರೊಡನೆ ನಿಮಗೆ ಎಷ್ಟು ವರ್ಷದ ಅನುಭವವಿದೆ ಎಂದು ಕೇಳಿದ್ದರು. ಹದಿನೆಂಟು ಎಂದು ಬರೆದೆ. ಅಕ್ಷರಶಃ ನಿಜ, ಆದರೆ ಅದರಲ್ಲಿ ವ್ಯಾಯಾಮದ್ದು ನಾಲ್ಕೇ ಹೆಜ್ಜೆ.

ಹೊರಡುವ ದಿನ ಶಾರದಾ ಎರಡು ದೊಡ್ಡ ಡಬ್ಬಿ ತುಂಬ ಪೇಢಾ ತಂದು ಟ್ರಂಕಿನಲ್ಲಿಟ್ಟಳು. "ಅಲ್ಲೂ ನಮ್ಮ ಸುಮಿಯಂಥವ್ರು ಇರ್ತಾರಲ್ಲ. ನನ್ನ ಹೆಸರ್ಲೆ ಅವರ ಬಾಯಿಗಿ ಹಾಕ್ರಿ. ಅವರ ಆಶೀರ್ವಾದ ನಮ್ಮ ಕೂಸಿಗಿ ಹತ್ತಲಿ" ಎಂದಳು. ಹಾಕುತ್ತೇನೆ ಎಂದು ಮಾತು ಕೊಟ್ಟೆ. ಸುಮಿ ಹಲಗೆಯ ಮೇಲೆ ಕೂತು ಕೈ ಬೀಸಿದಳು.

ಹಡಗಿನೊಳಗಿನ ರೈಲು

ವಿಮಾನದ ಬಗ್ಗೆ ಹೇಳಲಾರೆ. ಮುಂಬಯಿಯಿಂದ ಕೋಪನ್‌ಹೇಗನ್‌ವರೆಗೆ ಕಣ್ಣು ಮುಚ್ಚಿ ಕೂತಿದ್ದೆ. ಹುಮನಾಬಾದ–ಕಲ್ಯಾಣದ ಬಸ್ಸಿನಲ್ಲಿ ಇಪ್ಪತ್ತು ವರ್ಷ ಕುಲುಕಾಡಿದ ಮೈಗೆ, ಕುಲುಕದ ಗಾಡಿಯಲ್ಲಿ ನಿದ್ದೆ ಬರುವುದಿಲ್ಲ ಎಂದು ಗೊತ್ತಾಯಿತು.

ಅಲ್ಲಿಂದ ರೈಲು. ಎದುರಿಗೆ ಕೂತ ಮುದುಕ ದಾರಿಯುದ್ದಕ್ಕೂ ಪತ್ರಿಕೆ ಓದಿದ, ಒಮ್ಮೆಯೂ ಯಾವೂರು ಎಂದು ಕೇಳಲಿಲ್ಲ. ನಮ್ಮಲ್ಲಾದರೆ ಅಷ್ಟರಲ್ಲಿ ನನ್ನ ಗೋತ್ರ, ಪಗಾರ, ಮಗಳ ಕಾಯಿಲೆ ಎಲ್ಲ ರೈಲಿನ ಇಡೀ ಡಬ್ಬಿಗೇ ತಿಳಿದು, ಮೂರು ಬಗೆಯ ಔಷಧಿ ಬರೆದುಕೊಟ್ಟಾಗಿರುತ್ತಿತ್ತು. ಒಂದು ಕಡೆ ರೈಲು ನಿಂತಿತು. ಮುದುಕನೂ ಉಳಿದವರೂ ಸಾಮಾನು ಬಿಟ್ಟು ಎದ್ದು ಹೋದರು. ಕಿಟಕಿಯಾಚೆ ಬರೀ ಕಬ್ಬಿಣದ ಗೋಡೆ. ಚಹಾಕ್ಕೆ ಇಳಿದಿರಬೇಕು ಎಂದುಕೊಂಡು ನಾನು ಟ್ರಂಕು ಕಾಯುತ್ತಾ ಕೂತೆ. ಅರ್ಧ ಗಂಟೆಯಾದರೂ ಯಾರೂ ಬರಲಿಲ್ಲ. ಕೆಳಗೆಲ್ಲೋ ದೊಡ್ಡ ಗಿರಣಿ ತಿರುಗುವ ಸದ್ದು. ನೆಲ ಮೆಲ್ಲಗೆ ಓಲಾಡುತ್ತಿತ್ತು. ಭೂಕಂಪವೇ ಆಯಿತೆಂದು ಟ್ರಂಕು ಹೊತ್ತು ಓಡಿ, ಸಿಕ್ಕ ಮೆಟ್ಟಿಲು ಹತ್ತಿ ಮೇಲೆ ಬಂದರೆ ಸುತ್ತಲೂ ಸಮುದ್ರ! ಇಡೀ ರೈಲನ್ನು ಹಡಗಿನ ಹೊಟ್ಟೆಗೆ ತುಂಬಿಕೊಂಡು ದಾಟಿಸುತ್ತಿದ್ದರು. ನನ್ನ ಸಹಪ್ರಯಾಣಿಕರು ಗಾಜಿನ ಕೋಣೆಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಟ್ರಂಕು ಹೊತ್ತು ಏದುಸಿರು ಬಿಡುತ್ತಾ ನಿಂತ ನನ್ನನ್ನು ನೋಡಿ ಮುದುಕ ಮೊದಲ ಸಲ ನಕ್ಕ. ಪಾಪ, ಮತ್ತೆ ನನ್ನ ಡಬ್ಬಿ ಹುಡುಕಿ ಕೂರಿಸಿದವನೂ ಅವನೇ.

ಪಶ್ಚಿಮದ ಕಡಲ ಬದಿಯ ಆ ಸಣ್ಣ ಊರು ತಲುಪಿದಾಗ ಮಧ್ಯಾಹ್ನ ನಾಲ್ಕಕ್ಕೇ ಸೂರ್ಯ ಅಂಗಡಿ ಮುಚ್ಚುತ್ತಿದ್ದ. ನನಗೆ ಐವತ್ತು ಸಮೀಪಿಸಿತ್ತು. ಇಷ್ಟು ದೂರ ಬರಬಾರದಿತ್ತು ಎಂದು ಮೊಣಕಾಲು ಸ್ಪಷ್ಟವಾಗಿ ಹೇಳಿತು.

ಸೀಟಿಯ ವಾರ

ಆ ಊರಿನ ಜನ ವಿಚಿತ್ರ. ಕೂಸುಗಳನ್ನು ಗಾಡಿಯಲ್ಲಿ ಮಲಗಿಸಿ, ಅಂಗಡಿಯ ಹೊರಗೆ ಥಂಡಿಯಲ್ಲಿ ಬಿಟ್ಟು ತಾಯಂದಿರು ಒಳಗೆ ಹೋಗುತ್ತಾರೆ. ಮೊದಲ ದಿನ ಅಂಥ ಒಂದು ಕೂಸನ್ನು ಅರ್ಧ ತಾಸು ಕಾಯ್ದೆ, ಯಾರೋ ಮರೆತು ಹೋಗಿದ್ದಾರೆ ಎಂದು. ತಾಯಿ ಬಂದು ನನ್ನನ್ನೇ ಅನುಮಾನದಿಂದ ನೋಡಿದಳು. ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲದಿರುವಾಗ ಕೆಂಪು ದೀಪ ಹಸಿರಾಗಲಿ ಎಂದು ಮಳೆಯಲ್ಲಿ ನಿಲ್ಲುತ್ತಾರೆ. ಎಲ್ಲದಕ್ಕೂ "ತಕ್" ಅನ್ನುತ್ತಾರೆ. ಉಪಕಾರ ಆಯಿತು ಎಂದು ಅರ್ಥ. ನಾವು ಮನೆಯವರಿಗೆ ಎಂದಾದರೂ ಹಾಗೆ ಅಂದಿದ್ದೇವೆಯೇ? ಶಾರದಾಗೆ ಅಂದರೆ, ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡುತ್ತಾಳೆ.

ವ್ಯಾಯಾಮ ಶಾಲೆಯ ಒಡತಿ ಇಂಗಾ. ಅರವತ್ತರ ಹತ್ತಿರದ, ತೆಳ್ಳನೆಯ, ಕಡಿಮೆ ಮಾತಿನ ಹೆಂಗಸು. ಅವಳ ಬಳಿ ಆರು ಜನ ಬರುತ್ತಿದ್ದರು, ಎಲ್ಲರೂ ಹದಿನೆಂಟರಿಂದ ಇಪ್ಪತ್ತೈದರ ಒಳಗಿನವರು. ಅವರಲ್ಲಿ ಕಿರ್‍ಸ್ಟನ್ ಎಂಬ ಹುಡುಗಿಯನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಅದೇ ಓರೆ ಕಣ್ಣು, ಅದೇ ಗಿಡ್ಡ ಬೆರಳು, ನಗುವಾಗ ನಾಲಗೆ ಹೊರಗೆ ಬರುವುದೂ ಅದೇ. ಕೂದಲು ಮಾತ್ರ ಜೋಳದ ದಂಟಿನ ಬಣ್ಣ. ಸುಮಿಯ ಅಕ್ಕ ಇಲ್ಲಿ ಹುಟ್ಟಿದ್ದಾಳೆ ಅನಿಸಿ ಕಣ್ಣು ತುಂಬಿತು.

ಎರಡನೆಯ ದಿನ ಇಂಗಾ, ಇವತ್ತು ನೀವು ನಡೆಸಿ, ನಿಮ್ಮ ಪದ್ಧತಿ ನೋಡೋಣ ಅಂದಳು. ನಾನು ಎದೆ ಉಬ್ಬಿಸಿ ಕಲ್ಯಾಣದ ಮೈದಾನಕ್ಕೆ ಕೇಳಿಸುವಂತೆ ಸೀಟಿ ಊದಿ, "ಸಾವಧಾನ್!" ಎಂದು ಕೂಗಿದೆ. ಮೂವರು ಕಿವಿ ಮುಚ್ಚಿಕೊಂಡರು, ಒಬ್ಬ ಬೆಂಚಿನ ಕೆಳಗೆ ಹೊಕ್ಕ, ಕಿರ್‍ಸ್ಟನ್ ಬಂದು ನನ್ನ ಬಾಯಿಂದ ಸೀಟಿ ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು. ಆ ಸೀಟಿ ಇಂದಿಗೂ ಡೆನ್ಮಾರ್ಕಿನಲ್ಲೇ ಇದೆ.

ಇಂಗಾಳ ರೀತಿಯೇ ಬೇರೆ. ಗಿಡ್ಡ ಬೆಂಚಿನ ಮೇಲೆ ಹತ್ತುವುದು, ಇಳಿಯುವುದು. ಗೋಡೆಗೆ ಬಡಿದ ಕಟ್ಟಿಗೆಯ ಏಣಿಯನ್ನು ಎರಡು ಮೆಟ್ಟಿಲು ಹತ್ತಿ ಜೋತು ಬೀಳುವುದು. ದಣಿದ ಮೇಲೆ ಕೂರಿಸುವುದಿಲ್ಲ, ದಣಿಯುವ ಮೊದಲೇ ಕೂರಿಸುತ್ತಾಳೆ. ಶುರುವಿಗೊಮ್ಮೆ, ಮುಗಿದ ಮೇಲೊಮ್ಮೆ ಎಲ್ಲರೂ ತಮ್ಮ ಎದೆಯ ಮೇಲೆ ಕೈಯಿಟ್ಟು ಹೇಳಬೇಕು: ಮೆಲ್ಲಗೆ, ಜೋರು. ಕಿರ್‍ಸ್ಟನ್ ತನ್ನ ಕೈಯನ್ನು ನನ್ನ ಎದೆಯ ಮೇಲಿಟ್ಟು ನೋಡಿ, "ಜೋರು, ಜೋರು" ಎಂದು ಎಲ್ಲರಿಗೂ ಸಾರಿದಳು. ಪಿ.ಟಿ. ಮಾಸ್ತರನ ಎದೆ ಸುಮ್ಮನೆ ನಿಂತಲ್ಲೇ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

ಪ್ರತಿ ಶನಿವಾರ ನಡಿಗೆ. ವಸಂತದಲ್ಲಿ ಅಂಚೆ ಡಬ್ಬಿಯವರೆಗೆ ಶುರುವಾದದ್ದು, ಚರ್ಚಿನವರೆಗೆ, ಸೇತುವೆಯವರೆಗೆ, ಗಾಳಿಗಿರಣಿಯವರೆಗೆ ಬಂದಿತ್ತು. ಯಾರು ಎಲ್ಲಿ ಮುಟ್ಟಿದರೋ, ಗೋಡೆಗೆ ಅಂಟಿಸಿದ ಹಾಳೆಯಲ್ಲಿ ತಮ್ಮ ಹೆಸರಿನ ಮುಂದೆ ಆ ಜಾಗದ ಚೌಕಕ್ಕೆ ತಾವೇ ಬಣ್ಣ ತುಂಬುತ್ತಿದ್ದರು. ಕೊನೆಯ ಚೌಕ ಸಮುದ್ರ. ಅಲ್ಲಿ ಕಿರ್‍ಸ್ಟನ್ನಳ ಅಪ್ಪನದೊಂದು ಮರದ ಗುಡಿಸಲಿತ್ತು. ಆತ ಮೀನುಗಾರ. ಐವರ ಸಮುದ್ರಕ್ಕೆ ನೀಲಿ ಬಣ್ಣ ಬಿದ್ದಿತ್ತು, ಕಿರ್‍ಸ್ಟನ್ನಳದು ಮಾತ್ರ ಖಾಲಿ. ಅವಳ ಎದೆಯೂ ಸುಮಿಯ ಎದೆಯಂಥದ್ದೇ, ಆರು ತಿಂಗಳಿಂದ ಒಂದೊಂದೇ ಹೆಜ್ಜೆ ಕೂಡಿಸಿಕೊಂಡು ಬಂದಿದ್ದಳು. ನಡಿಗೆಯಲ್ಲಿ ಪ್ರತಿಯೊಬ್ಬರ ಚೀಲದಲ್ಲೂ ಎಲ್ಲರಿಗೂ ಬೇಕಾದ ಒಂದು ಪದಾರ್ಥ ಇರುತ್ತಿತ್ತು. ಒಬ್ಬರಲ್ಲಿ ಚೀಸು, ಒಬ್ಬರಲ್ಲಿ ಕಾಫಿ, ಕಿರ್‍ಸ್ಟನ್ನಳಲ್ಲಿ ಬ್ರೆಡ್ಡು. ಯಾಕೆ ಹೀಗೆ ಎಂದು ಕೇಳಿದೆ. ಇವರಿಗೆ ಎಲ್ಲರೂ ಕೊಡುತ್ತಾರೆ, ಇವರು ಕೊಡಲಿ ಎಂದು ಯಾರೂ ಕಾಯುವುದಿಲ್ಲ, ಒಮ್ಮೆ ಕಾಯಲಿ ಎಂದಳು ಇಂಗಾ. ನನಗೆ ಅದು ಪೂರ್ತಿ ತಲೆಗೆ ಹೋಗಲಿಲ್ಲ.

ಇನ್ನು ಪೇಢಾ. ಮೊದಲ ದಿನವೇ ಎಲ್ಲರ ಬಾಯಿಗೂ ಒಂದೊಂದು ಇಟ್ಟಿದ್ದೆ. ಇಂಗಾ ತಾನೂ ತಿಂದು, ತುಂಬಾ ಸಿಹಿ, ಹಬ್ಬಕ್ಕೆ ಒಳ್ಳೆಯದು, ತಕ್ ಎಂದಳು. ಅವಳು ಹಬ್ಬ ಅಂದದ್ದನ್ನು ನಾನು ಹೊಗಳಿಕೆ ಎಂದು ತಿಳಿದೆ. ಆಮೇಲೆ ದಿನಾ, ಬೂಟು ಬಿಡುವ ಕೋಣೆಯಲ್ಲಿ, ಶಾರದಾಳ ಹೆಸರು ಹೇಳಿ ಕಿರ್‍ಸ್ಟನ್ನಳ ಬಾಯಿಗೆ ಒಂದು. ಅವಳು ಬೆಂಚು ಹತ್ತುತ್ತಾ ಏದುಸಿರು ಬಿಟ್ಟರೆ, ಇಂಗಾ ಆಚೆ ತಿರುಗಿದಾಗ ಇನ್ನೊಂದು. ಕಾಶಿಬಾಯಿಯ ಹಾಗೆ ನಾನೂ "ಆ..." ಎನ್ನುತ್ತಿದ್ದೆ. ಕದ್ದು ಮಾಡುತ್ತಿದ್ದೇನೆ ಎಂದು ನನಗೆ ಅನಿಸಲಿಲ್ಲ. ಪುಣ್ಯದ ಕೆಲಸಕ್ಕೆ ಡಂಗುರ ಹೊಡೆಯಬಾರದು ಎಂದಷ್ಟೇ ಅಂದುಕೊಂಡಿದ್ದೆ. ಮೂರು ವಾರ ನಡೆಯಿತು ಈ ಪುಣ್ಯ.

ಗಾಳಿಗಿರಣಿ

ನಾಲ್ಕನೆಯ ಶನಿವಾರ ಕಿರ್‍ಸ್ಟನ್ ಸಮುದ್ರ ಮುಟ್ಟಬೇಕಾದ ದಿನ. ಎಷ್ಟೋ ಸಲ ಕಾರಿನಲ್ಲಿ ಕರೆದುಕೊಂಡು ಹೋದ ಮಗಳು ಕಾಲ್ನಡಿಗೆಯಲ್ಲಿ ಬರುವುದನ್ನು ನೋಡಲು ಅವಳ ಅಪ್ಪ ಬೆಳಗ್ಗೆಯೇ ಗುಡಿಸಲಿಗೆ ಹೋಗಿ ಒಲೆ ಹೊತ್ತಿಸಿ ಕೂತಿದ್ದ.

ಅಂಚೆ ಡಬ್ಬಿ, ಚರ್ಚು, ಸೇತುವೆ ದಾಟಿದೆವು. ಗಾಳಿಗಿರಣಿಯ ಬಳಿ ಕಿರ್‍ಸ್ಟನ್ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟಳು. ಕೂತು, ನನ್ನ ಕಡೆ ಮುಖ ಮಾಡಿ, ಬಾಯಿ ತೆರೆದಳು.

ಇಂಗಾ ನೋಡಿದಳು. ಏನೋ ಕೇಳಿದಳು, ಎದೆಯ ಮೇಲೆ ಕೈ ಇಡಲು ಹೇಳಿದಳು. ಕಿರ್‍ಸ್ಟನ್ ಕೈ ಇಡಲಿಲ್ಲ. ಗೂಡಿನ ಮರಿಯಂತೆ ಬಾಯಿ ತೆರೆದೇ ಇತ್ತು, ಕಣ್ಣು ನನ್ನ ಕೋಟಿನ ಜೇಬಿನ ಮೇಲೆ. ಆ ಜೇಬಿನಲ್ಲಿ ಪೇಢಾ ಇತ್ತು. ಆ ಕ್ಷಣ ಎದುರಿಗೆ ಕಂಡದ್ದು ಕಿರ್‍ಸ್ಟನ್ ಅಲ್ಲವೇ ಅಲ್ಲ, ಹಲಗೆಯ ಮೇಲೆ ಕೂತ ಸುಮಿ. ಆರು ತಿಂಗಳು ಒಬ್ಬ ಮುದುಕಿ ಕಟ್ಟಿದ್ದನ್ನು ಮೂರು ವಾರದಲ್ಲಿ ಕೆಡವಿದ್ದೆ, ಅದೂ ಪ್ರೀತಿಯಿಂದ. ಹದಿನೆಂಟು ವರ್ಷದಲ್ಲಿ ಮನೆಯಲ್ಲಿ ಎಷ್ಟು ಕೆಡವಿರಬೇಡ?

ಇಂಗಾ ಉಳಿದ ಐವರನ್ನು ಮುಂದೆ ಕಳಿಸಿ, ಕಿರ್‍ಸ್ಟನ್ನಳ ಪಕ್ಕ ಅದೇ ಒದ್ದೆ ಹುಲ್ಲಿನ ಮೇಲೆ ಕೂತಳು. ಎಳೆಯಲಿಲ್ಲ, ಬಯ್ಯಲಿಲ್ಲ, ಪುಸಲಾಯಿಸಲಿಲ್ಲ. ಗಾಳಿಯಲ್ಲಿ ನಾನು ನಿಂತೇ ಇದ್ದೆ. ಬ್ರೆಡ್ಡು ಬಾರದೆ ಬರೀ ಚೀಸು ಬಂದದ್ದು ಕಂಡು, ಮುಕ್ಕಾಲು ತಾಸಿನ ಮೇಲೆ ಅವಳ ಅಪ್ಪ ಸಮುದ್ರದ ಕಡೆಯಿಂದ ನಡೆದು ಬಂದ. ಮಗಳ ತೆರೆದ ಬಾಯಿ ನೋಡಿ ಇದೇನು ಎಂದು ಇಂಗಾಳನ್ನು ಕೇಳಿದ. ಅವಳು ಗೊತ್ತಿಲ್ಲ ಎಂದಳು.

ಸುಮ್ಮನಿರಬಹುದಿತ್ತು. ಆದರೆ ಅಷ್ಟು ದೂರ ಹೋಗಿ ಇನ್ನೊಂದು ಸುಳ್ಳು ಹೊರುವ ತ್ರಾಣ ನನಗಿರಲಿಲ್ಲ. ಜೇಬಿನಿಂದ ಪೇಢಾ ತೆಗೆದು ತೋರಿಸಿ, ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಮಾಣಿಕನಗರದ ಹಲಗೆ, ಕಾಶಿಬಾಯಿ, ಶಾರದಾಳಿಗೆ ಕೊಟ್ಟ ಮಾತು, ಅರ್ಜಿಯಲ್ಲಿ ಬರೆದ ಹದಿನೆಂಟು. ಇಂಗಾ ಅವನಿಗೆ ಅವರ ಮಾತಿನಲ್ಲಿ ತಿಳಿಸಿದಳು. ಆತ ಪೇಢಾವನ್ನು ನೋಡಿದ, ನನ್ನನ್ನು ನೋಡಿದ. ಹೊಡೆದಿದ್ದರೆ ಹಗುರವಾಗುತ್ತಿತ್ತು.

ಹೊಡೆಯಲಿಲ್ಲ. ಮಗಳ ಎದುರು ಮಂಡಿಯೂರಿ ಕೂತು, ತನ್ನ ಹೊಟ್ಟೆ ತಟ್ಟಿ ತೋರಿಸಿ, ಅವಳ ಹಾಗೆಯೇ ಬಾಯಿ ತೆರೆದ. ಗಡ್ಡದ ನಡುವೆ ಹಲ್ಲಿಲ್ಲದ ದೊಡ್ಡ ಬಾಯಿ. ಕಿರ್‍ಸ್ಟನ್ ಅವನ ಬಾಯಿಯನ್ನು ನೋಡಿದಳು, ತನ್ನ ಬಾಯಿ ಮುಚ್ಚಿದಳು. ಚೀಲ ಬಿಚ್ಚಿ, ಬ್ರೆಡ್ಡು ಮುರಿದು, ಅಪ್ಪನ ಬಾಯಿಗೆ ತುರುಕಿದಳು. ಆಮೇಲೆ ಇಂಗಾಳಿಗೆ. ಆಮೇಲೆ ನನಗೂ. ಆ ಕರೀ ಬ್ರೆಡ್ಡು ನನಗೆ ಎಂದೂ ಸೇರಿರಲಿಲ್ಲ, ಅವತ್ತು ಚೂರೂ ಬಿಡದೆ ತಿಂದೆ.

ಆ ದಿನ ಅವಳು ಸಮುದ್ರ ಮುಟ್ಟಲಿಲ್ಲ. ಎದ್ದು ನಮ್ಮೊಡನೆ ಊರಿಗೆ ಮರಳಿದಳು. ಮುಂದಿನ ಎರಡು ಶನಿವಾರವೂ ಮುಟ್ಟಲಿಲ್ಲ. ಒಮ್ಮೆ ಸೇತುವೆ, ಒಮ್ಮೆ ಗಾಳಿಗಿರಣಿ. ನಾನು ಹೊರಡುವ ದಿನ ಇಂಗಾ, ಉಳಿದ ಪೇಢಾವನ್ನು ಏನು ಮಾಡುತ್ತೀರಿ ಎಂದಳು. ಹಡಗಿನ ಮೇಲಿಂದ ಸಮುದ್ರದ ಹಕ್ಕಿಗಳಿಗೆ ಹಾಕಿದೆ. ಅವು ತಿಂದವೋ ಇಲ್ಲವೋ ನೋಡುವ ಮನಸ್ಸಾಗಲಿಲ್ಲ.

ಮಾಣಿಕನಗರ

ಮನೆಗೆ ಬಂದವನು ಮೊದಲು ಮಾಡಿದ್ದು ಶುದ್ಧ ದಡ್ಡತನ. ಹೊಸ ಸೀಟಿ ಕೊಂಡು, ರಜೆಯ ದಿನವೆಲ್ಲ ಅಂಗಡಿಯ ಮುಂದೆ ನಿಂತು, ಪೇಢಾ ಹಿಡಿದು ಬಂದವರನ್ನೆಲ್ಲ ತಡೆದೆ. ಭಕ್ತರು ನನ್ನನ್ನು ಹುಚ್ಚನಂತೆ ನೋಡಿದರು. ಸುಮಿ ಬಾಯಿ ತೆರೆದು ಕೂತೇ ಇದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಶಾರದಾ ಕುದಿದಳು.

"ಪರದೇಶಕ್ಕ ಹೋಗಿ ಕಲತು ಬಂದದ್ದು ಇದೇ ಏನ್ರಿ, ಮಗಳ ಬಾಯಿ ಮುಚ್ಚಸೂದು?"

ಕಾಶಿಬಾಯಿಗೆ ಆದ ನೋವು ಇನ್ನೂ ದೊಡ್ಡದು. ನಾನು ಅವಳ ಕೈ ತಡೆದಾಗ ಆ ಪೇಢಾ ನೆಲಕ್ಕೆ ಬಿತ್ತು. ಅದನ್ನು ಎತ್ತಿ ಸೆರಗಿನಲ್ಲಿ ಒರೆಸಿಕೊಂಡಳು.

"ಹದಿನೆಂಟು ವರ್ಷ ನಾ ಏನು ಈ ಕೂಸಿಗಿ ಜಹರ್ ಹಾಕಾಕತ್ತಿದ್ನೇನು, ಮಾಸ್ತರ? ಹೇಳ್ರಿ ಮತ್ತ."

"ಹಂಗಲ್ಲ ಮಾವಶಿ. ನಾನೂ ಹಾಕೀನಿ. ನಾವು ಎಲ್ಲಾರೂ ಕೂಡೇ ಹಾಕೀವಿ."

ಅವಳು ಆ ಪೇಢಾವನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಮಾರನೆಯ ದಿನದಿಂದ ನಮ್ಮ ಅಂಗಡಿಯ ಕಡೆ ಬರುವುದನ್ನೇ ಬಿಟ್ಟಳು.

ಮೂರು ದಿನಕ್ಕೆ ನಾನು ಸೋತೆ. ನಾಲ್ಕನೆಯ ದಿನ ಡೆನ್ಮಾರ್ಕಿನಿಂದ ಬಂದ ಖಾಲಿ ಡಬ್ಬಿ ತೆಗೆದು, ಅದರಲ್ಲಿ ಚಿಟಿಕೆ ಚಿಟಿಕೆ ಪೇಢಾ ಹಾಕಿ ಸುಮಿಯ ಕೈಗೆ ಕೊಟ್ಟೆ. ಅವಳೆದುರು ಮಂಡಿಯೂರಿ, ಕಟ್ ಎಂದ ಮೊಣಕಾಲನ್ನು ಬಯ್ಯುತ್ತಾ, ನಾನು ಬಾಯಿ ತೆರೆದೆ. ಸುಮಿ ದಂಗಾದಳು. ತನ್ನ ಬಾಯಿ ಮುಚ್ಚಿ, ಹಿಂದೆ ಮುಂದೆ ನೋಡಿ, ಒಂದು ಚಿಟಿಕೆ ನನ್ನ ಬಾಯಿಗೆ ಇಟ್ಟಳು. ಇಟ್ಟು ನಕ್ಕಳು. ಅಷ್ಟು ವರ್ಷದಲ್ಲಿ ಅವಳ ಕೈಯಿಂದ ಯಾರೂ ಏನೂ ತಿಂದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

"ಈಗ ಅವ್ವಗ" ಎಂದೆ. ಶಾರದಾ ಮೂರು ಹೆಜ್ಜೆ ಆಚೆ ಕಾಯಿ ಒಡೆಯುತ್ತಿದ್ದಳು. ಸುಮಿ ಎದ್ದಳು. ಶಾರದಾ ಸಿಟ್ಟಿನಲ್ಲೇ ಬಾಯಿ ತೆರೆದಳು, ಮುಚ್ಚುವಷ್ಟರಲ್ಲಿ ಅಳುತ್ತಿದ್ದಳು.

ಅಲ್ಲಿಂದ ಪಕ್ಕದ ಬಳೆ ಅಂಗಡಿ, ಹತ್ತು ಹೆಜ್ಜೆ. ಆಮೇಲೆ ಚಹಾದ ಹೋಟೆಲು. ಆಮೇಲೆ ಟಾಂಗಾ ನಿಲ್ಲುವ ಕಟ್ಟೆ. ಜನಕ್ಕೆ ಇದು ತಿಳಿಸಿ ಹೇಳುವ ಕೆಲಸವೇ ಬೀಳಲಿಲ್ಲ. ಭೋಳೇ ಕೂಸಿನ ಬಾಯಿಗೆ ಹಾಕಿದರೆ ಪುಣ್ಯವಾದರೆ, ಅದರ ಕೈಯಿಂದ ತಿಂದರೆ ಎಷ್ಟು ಎಂದು ಅವರೇ ಲೆಕ್ಕ ಹಾಕಿಕೊಂಡರು. "ಸುಮವ್ವಾ, ಇಲ್ಲಿ ಬಾರವ್ವಾ, ನಾ ಕಾಯಾಕತ್ತೀನಿ" ಎಂದು ಕರೆಯತೊಡಗಿದರು. ಡಬ್ಬಿಯಿಂದ ತಾನೂ ಆಗಾಗ ಕದ್ದು ತಿನ್ನುತ್ತಿದ್ದಳು, ನಾನು ಬೇರೆ ಕಡೆ ನೋಡುತ್ತಿದ್ದೆ. ಪ್ರತಿ ಸಲ ಹೊರಡುವ ಮೊದಲು ಎದೆಯ ಮೇಲೆ ಕೈ. ಮುಟ್ಟಿದ ಮೇಲೆ ಮತ್ತೆ ಕೈ: ಮೆಲ್ಲಗೆ, ಜೋರು. ಕೆಲವು ದಿನ ಹೆಜ್ಜೆ ಹಿಂದೆ ಬಿದ್ದವು, ಕೆಲವು ದಿನ ಮಲಗಿಯೇ ಇದ್ದಳು. ಶಾಲೆ, ಬಸ್ಸು, ಬೀದಿ ಸೇರಿ ನನ್ನ ಮೈ ಹಣ್ಣಾಯಿತು. ಇದೆಲ್ಲ ಯಾಕೆ, ಟಾಂಗಾ ಇದೆಯಲ್ಲ, ಎಂದು ಎಷ್ಟೋ ಸಂಜೆ ಅನಿಸಿದ್ದುಂಟು. ಡಾಕ್ಟರರು ಹೆಚ್ಚೇನೂ ಭರವಸೆ ಕೊಡಲಿಲ್ಲ. ತುಟಿಯ ನೀಲಿ ತುಸು ಇಳಿದಿದೆ, ಬಿಡಬೇಡಿ ಎಂದರು.

ಆ ನಡುವೆ ಇಂಗಾಳಿಂದ ಒಂದು ಕಾರ್ಡು ಬಂತು. ಹಿಂಬದಿಯಲ್ಲಿ ಬರಹವೇ ಇರಲಿಲ್ಲ. ಗೋಡೆಯ ಹಾಳೆಯಿಂದ ಕತ್ತರಿಸಿದ ಒಂದು ಸಣ್ಣ ಚೌಕ ಅಂಟಿಸಿದ್ದಳು. ಗೆರೆ ಮೀರಿ ತುಂಬಿದ ನೀಲಿ ಬಣ್ಣ.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ, ಹುಮನಾಬಾದಿನ ಮನೆಯಿಂದಲೇ ಹೊರಟೆವು. ಟಾಂಗಾ ಹಿಂದೆ ಹಿಂದೆ ಖಾಲಿ ಬರುತ್ತಿತ್ತು, ಬೇಕಾದೀತು ಎಂದು. ಬೇಕಾಗಲಿಲ್ಲ. ಐದು ಕಡೆ ಕೂತು ಎದ್ದು, ಮಾಣಿಕನಗರದ ಬೀದಿ ಹೊಕ್ಕಳು. ಕಟ್ಟೆ, ಹೋಟೆಲು, ಬಳೆ ಅಂಗಡಿ, ಎಲ್ಲರ ಬಾಯಿಗೂ ಹಾಕಿದಳು. ನಮ್ಮ ಅಂಗಡಿ ಬಂತು. ಸುಮಿ ನಿಲ್ಲಲಿಲ್ಲ. ಬೀದಿಯ ಆ ತುದಿಗೆ ಬೆರಳು ತೋರಿಸಿ, "ಮಾವಶಿ" ಎಂದಳು.

ಕಾಶಿಬಾಯಿ ತಲೆ ತಗ್ಗಿಸಿ ಹೂ ಕಟ್ಟುತ್ತಿದ್ದಳು. ಸುಮಿ ಎದುರಿಗೆ ಹೋಗಿ ನಿಂತಳು. ಬೆವರಿಳಿಯುತ್ತಿತ್ತು, ಮುಷ್ಟಿಯಲ್ಲಿದ್ದ ಪೇಢಾ ಕರಗಿ ಬೆರಳಿಗೆ ಮೆತ್ತಿತ್ತು. ಕಾಶಿಬಾಯಿ ಅವಳನ್ನು ನೋಡದೆ ನನಗೆ ಹೇಳಿದಳು.

"ನಾ ಹಾಕಿದ್ದೇ ತಪ್ಪಾದ ಮ್ಯಾಲ, ನಾ ಯಾಕ ತಿನ್ಲಿ, ಮಾಸ್ತರ? ನನಗ ಬ್ಯಾಡ್ರಿ."

ಸುಮಿಗೆ ಆ ಮಾತು ತಿಳಿಯಲಿಲ್ಲ. ಬಾಯಿ ತೆರೆಯದವರ ಬಾಯಿ ತೆರೆಸುವುದು ಹೇಗೆ ಎಂದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಗ್ಗಿ, ಮುದುಕಿಯ ಗದ್ದ ಹಿಡಿದೆತ್ತಿ, ಮೊದಲು ತಾನು ದೊಡ್ಡದಾಗಿ ಬಾಯಿ ತೆರೆದಳು.

"ಆ..." ಎಂದಳು.

ಕಾಶಿಬಾಯಿ ಬಾಯಿ ತೆರೆದಳು. ತಿಂದ ಮೇಲೆ ಬಹಳ ಹೊತ್ತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಮಿ ಅವಳ ಹೂವಿನ ನೀರು ಸೋರುವ ಕೈ ಹಿಡಿದು ತನ್ನ ಎದೆಯ ಮೇಲಿಟ್ಟುಕೊಂಡು, "ಜೋರು" ಎಂದು ಹೇಳಿ, ಹಿಂದೆ ಬರುತ್ತಿದ್ದ ಟಾಂಗಾದವನಿಗೆ ನೀನು ಹೋಗು ಎಂದು ಕೈ ಬೀಸಿದಳು.